ಕದ್ದ ಉಸಿರು

ಜನ ನನ್ನನ್ನು ನೇರ ಮನುಷ್ಯ ಎನ್ನುತ್ತಿದ್ದರು. ಆ ಹೆಸರು ನನಗೆ ಬಂದದ್ದು ತರೀಕೆರೆಯಲ್ಲಿ, ಒಂದು ಕಬಡ್ಡಿ ಪಂದ್ಯದ ಮಧ್ಯಂತರದಲ್ಲಿ ಮಾಡಿದ ಕೆಲಸಕ್ಕೆ. ಅದೇ ಹೆಸರಿನ ಮೇಲೆ ಆಮೇಲೂ ಎಂಟು ವರ್ಷ ತಂಡದ ಮ್ಯಾನೇಜರಾಗಿದ್ದೆ. ನೆನೆಸಿಕೊಂಡರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಐವತ್ತರ ದಶಕದಲ್ಲಿ ನಾನು ಕಡೂರಿನಲ್ಲಿ ಗುಮಾಸ್ತ. ಸಂಜೆಯಾದರೆ ಕಚೇರಿಯ ಹಿಂದೆ ಬಾಲ್ ಬ್ಯಾಡ್ಮಿಂಟನ್. ಬಿಳಿ ಚಡ್ಡಿ, ಕ್ಯಾನ್ವಾಸ್ ಬೂಟು, ಉಣ್ಣೆಯ ಹಳದಿ ಚೆಂಡು. ಜೊತೆಗೆ ಆಡುವವರೆಲ್ಲ ಶಿರಸ್ತೇದಾರರು, ಮೇಷ್ಟರುಗಳು. ಭಾನುವಾರ ಬೀರೂರಿನ ಬಯಲಿನಲ್ಲಿ ಕಬಡ್ಡಿ. ಅಲ್ಲಿ ರೈಲ್ವೆ ಗ್ಯಾಂಗಿನವರು, ಗಾಡಿ ಹೊಡೆಯುವವರು, ಬರಿಗಾಲು, ಮೈತುಂಬ ಮಣ್ಣು. ಕಬಡ್ಡಿಯವರು ನನ್ನನ್ನು ‘ಬಿಳಿ ಚಡ್ಡಿ’ ಎಂದು ಛೇಡಿಸುತ್ತಿದ್ದರು. ಕಚೇರಿಯವರು ನನ್ನ ಮೊಣಕೈಯ ಗಾಯ ನೋಡಿ ಮೂಗು ಮುರಿಯುತ್ತಿದ್ದರು. ನನಗೆ ಎರಡೂ ಬೇಕಿತ್ತು. ಎರಡರಲ್ಲೂ ಜಿಲ್ಲೆಗೆ ಆಡಿದವನೆಂಬ ಜಂಬವೂ ಇತ್ತು.

ಮೊಣಕಾಲು ಹೋದದ್ದು ಕಬಡ್ಡಿಯಲ್ಲಿ. ಮೂವರು ಒಟ್ಟಿಗೆ ಮೇಲೆ ಬಿದ್ದರು, ಕಾಲು ಅಡಿಯಲ್ಲಿ ತಿರುಚಿಕೊಂಡಿತು. ನಾಟಿ ವೈದ್ಯರ ಪಟ್ಟು, ಆಸ್ಪತ್ರೆಯ ಪ್ಲಾಸ್ಟರು, ಎರಡೂ ಆದವು. ಇಪ್ಪತ್ತೊಂಬತ್ತನೇ ವಯಸ್ಸಿಗೆ ನನ್ನ ಎರಡು ಆಟಗಳೂ ಒಂದೇ ದಿನ ನಿಂತವು. ಸುಮ್ಮನೆ ಕೂತರೆ ನನಗೆ ಹುಚ್ಚು ಹಿಡಿದೀತೆಂದು ಕಬಡ್ಡಿ ತಂಡದವರು ಮ್ಯಾನೇಜರ್ ಮಾಡಿದರು. ರೈಲಿನ ಟಿಕೆಟ್ಟು, ನಿಂಬೆಹಣ್ಣು, ಟಿಂಚರು, ಯಾರು ಆಡಬೇಕು, ಯಾರು ಕೂರಬೇಕು, ಎಲ್ಲ ನನ್ನದೇ.

ಅಂಕಣದ ಹೊರಗೆ ಮಡಿಸುವ ಕುರ್ಚಿಯಲ್ಲಿ ಕೂತು ನಾನು ಆಡುತ್ತಿದ್ದುದು ಕಿವಿಯಿಂದ. ಬ್ಯಾಡ್ಮಿಂಟನ್ನಿನಲ್ಲಿ ಚೆಂಡು ಬ್ಯಾಟಿಗೆ ಬಡಿದ ಸದ್ದಿನಲ್ಲೇ ಅದು ಎಲ್ಲಿ ಬೀಳುತ್ತದೆಂದು ತಿಳಿಯುತ್ತಿದ್ದವನು ನಾನು. ಕಬಡ್ಡಿಯಲ್ಲಿ ಎದುರಾಳಿಗಳ ಅಂಕಣಕ್ಕೆ ಹೋದವನು ವಾಪಸ್ ನಡುಗೆರೆ ಮುಟ್ಟುವವರೆಗೆ ಒಂದೇ ಉಸಿರಿನಲ್ಲಿ ‘ಕಬಡ್ಡಿ ಕಬಡ್ಡಿ’ ಎನ್ನುತ್ತಿರಬೇಕು. ನಡುವೆ ಕಳ್ಳತನದಲ್ಲಿ ಉಸಿರೆಳೆದುಕೊಂಡರೆ, ಅಂಪೈರಿಗೆ ತಿಳಿಯದಿದ್ದರೂ ನನಗೆ ಕೇಳಿಸುತ್ತಿತ್ತು.

ನಮ್ಮ ತಂಡದ ಬಲವೆಲ್ಲ ಅಜ್ಜಂಪುರದ ಒಬ್ಬ ಗೆಳೆಯನ ಎದೆಯಲ್ಲಿತ್ತು. ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ. ನನ್ನದೇ ವಯಸ್ಸು, ಏಳು ವರ್ಷ ಜೊತೆಯಲ್ಲಿ ಆಡಿದ್ದೆವು. ನನ್ನ ಕಾಲು ಮುರಿದ ದಿನ ನನ್ನನ್ನು ಹೆಗಲ ಮೇಲೆ ಹೊತ್ತು ಬೀರೂರು ಸ್ಟೇಷನ್ನಿನವರೆಗೆ ನಡೆದವನು ಅವನೇ. ನಾನು ಮ್ಯಾನೇಜರಾದ ಎರಡನೆಯ ವರ್ಷ ಅವನಿಗೆ ಕೆಮ್ಮು ಹತ್ತಿತು. ತೌಡಿನ ಧೂಳು ಎಂದ. ಗಿರಣಿಯವರೆಲ್ಲ ಕೆಮ್ಮುತ್ತಾರೆ, ನಾವೂ ಹೌದೆಂದೆವು.

ಆ ವರ್ಷವೇ ತರೀಕೆರೆಯಲ್ಲಿ ಫೈನಲ್. ಮೊದಲರ್ಧದಲ್ಲಿ ಅವನು ಹೋದಾಗಲೆಲ್ಲ ಪಾಯಿಂಟು ತರುತ್ತಿದ್ದ. ಜನ ಶಿಳ್ಳೆ ಹೊಡೆಯುತ್ತಿದ್ದರು. ನಾನು ಮಾತ್ರ ಕಿವಿಗೊಟ್ಟು ಕೂತಿದ್ದೆ. ಅವನು ಅಂಪೈರಿಗೆ ಬೆನ್ನು ತಿರುಗಿಸಿದಾಗ ದನಿ ಒಂದು ಚಿಟಿಕೆಯಷ್ಟು ಕಡಿದುಹೋಗುತ್ತಿತ್ತು. ಒಂದು ಸಲವಲ್ಲ, ಮೂರು ಸಲ. ಉಸಿರು ಕದಿಯುತ್ತಿದ್ದ.

“ಏನಪ್ಪಾ, ಉಸಿರು ಕದೀತಿದ್ದೀಯಾ?” ಎಂದೆ ಮಧ್ಯಂತರದಲ್ಲಿ, ಎದುರಾಳಿಗಳಿಗೂ ಕೇಳುವಂತೆ.

ಅವನು ನಿಂಬೆಹೋಳನ್ನು ಕೈಯಲ್ಲೇ ಹಿಡಿದು ನೆಲ ನೋಡಿದ. “ಬಿಡು ಕಣೋ. ಗೆಲ್ತಿದೀವಲ್ಲ.”

“ಕಳ್ತನದ ಗೆಲುವು ನಂಗ್ ಬ್ಯಾಡ. ಕೂತ್ಕೋ ನೀನು.”

ಕೂತ. ನಾವು ಸೋತೆವು. ಬಹುಮಾನ ಹಂಚಲು ಬಂದಿದ್ದ ದೊಡ್ಡ ಮನುಷ್ಯರೊಬ್ಬರು, ತನ್ನ ಆಟಗಾರನನ್ನೇ ಕೂರಿಸಿದ ನೇರ ಮನುಷ್ಯ ಎಂದು ಹೊಗಳಿ ನನಗೆ ಹಾರ ಹಾಕಿದರು. ನಾನು ಬೀಗುತ್ತಾ ಹಾಕಿಸಿಕೊಂಡೆ. ವಾಪಸ್ ಬರುವಾಗ ಅವನು ರೈಲಿನಲ್ಲಿ ಬೇರೆ ಡಬ್ಬಿ ಹತ್ತಿದ. ಗಿರಣಿಯಲ್ಲಿ ಅವನಿಗೆ ‘ಉಸಿರುಗಳ್ಳ’ ಎಂದೇ ಹೆಸರಾಯಿತಂತೆ. ಮತ್ತೆ ಆಡಲು ಬರಲಿಲ್ಲ. ನಾನೂ ಕರೆಯಲಿಲ್ಲ.

ಆರೇಳು ತಿಂಗಳಿಗೆ ಸುದ್ದಿ ಬಂತು. ಕ್ಷಯ. ಮೊದಲೇ ಬರಬೇಕಿತ್ತು ಎಂದರಂತೆ ಡಾಕ್ಟರು.

ಮರುದಿನವೇ ಅಜ್ಜಂಪುರಕ್ಕೆ ಹೋದೆ. ಅವನು ಜಗಲಿಯ ಮೇಲೆ ಗೋಡೆಗೊರಗಿ ಕೂತಿದ್ದ. ನನ್ನನ್ನು ಹೊತ್ತ ಹೆಗಲು ಅದೇ ಎಂದು ನಂಬುವುದು ಕಷ್ಟವಾಯಿತು. ತಂದಿದ್ದ ಕಿತ್ತಳೆಯನ್ನು ಪಕ್ಕದಲ್ಲಿಟ್ಟೆ.

“ಕಾಲು ಹೆಂಗೈತೋ?” ಎಂದು ಅವನೇ ಕೇಳಿದ.

“ತಪ್ಪಾಯ್ತು ಕಣೋ,” ಎಂದೆ. “ನೀನು ಮೋಸ ಮಾಡ್ತಿದೀಯ ಅಂದ್ಕೊಂಡೆ.”

ಅವನಿಗೆ ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಬರಲಿಲ್ಲ. “ಅಷ್ಟು ಜನ ಇದ್ರು,” ಎಂದ. “ಅಂಪೈರಿಗೂ ಕೇಳಿಸ್ಲಿಲ್ಲ. ನಿಂಗೊಬ್ನಿಗೇ ಕೇಳಿಸಿದ್ದು. ಕದೀತಿದ್ದೀಯಾ ಅಂದೆ ನೀನು. ಉಸಿರು ಯಾಕೋ ಸಾಲ್ತಿಲ್ಲ ಅಂತ ಕೇಳ್ಬಾರ್ದಿತ್ತಾ?”

ಅಷ್ಟು ಹೇಳುವುದಕ್ಕೆ ಅವನು ಮೂರು ಸಲ ನಿಂತು ಉಸಿರೆಳೆದುಕೊಂಡ. ನನ್ನ ಹಾಳು ಕಿವಿಗೆ ಮೂರೂ ಕೇಳಿಸಿದವು.