ಬಾಣಂತಿಯಲ್ಲದವಳ ಪಥ್ಯ

ಸೋಮವಾರ, ಬೆಳಿಗ್ಗೆ ಆರು ಗಂಟೆ. ತಾಯಲೂರಿನ ಬಳಿ ತಂಗಿಯ ಮನೆಯಲ್ಲಿ ಹಾಜರಿದ್ದವರು ಮೂವರು: ತಂಗಿ, ಅವಳ ಅತ್ತೆ, ನಾನು. ತಂಗಿಯ ಗಂಡ ಡೈರಿಗೆ ಹಾಲು ಹಾಕಲು ಹೋಗಿದ್ದರು. ಜಾರಿದ್ದ ಗರ್ಭಕೋಶವನ್ನು ತೆಗೆಸಿ, ಸಡಿಲವಾಗಿದ್ದ ಜಾಗಕ್ಕೆ ಒಳಗೆ ಹೊಲಿಗೆ ಹಾಕಿಸಿಕೊಂಡು ತಂಗಿಗೆ ಹನ್ನೆರಡು ದಿನವಾಗಿತ್ತು.

ನಾನು ಕೋಲಾರದಲ್ಲಿ ವಾರ್ಡ್ ಸಿಸ್ಟರ್ ಆಗಿ ನಿವೃತ್ತಳಾದವಳು. ಆಸ್ಪತ್ರೆಯಿಂದ ಅವಳನ್ನು ಮನೆಗೆ ಕರೆತಂದ ದಿನವೇ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದೆ. ಬಿಂದಿಗೆ ಎತ್ತಬಾರದು, ಹಾಲಿನ ಕ್ಯಾನ್ ಮುಟ್ಟಬಾರದು, ಕುಕ್ಕರಗಾಲಲ್ಲಿ ಕೂರಬಾರದು, ಮಾತ್ರೆ ಇಷ್ಟು ಹೊತ್ತಿಗೆ. ಊರಿಗೆ ಹೋಗಿ ಭಾನುವಾರ ಸಂಜೆ ಮರಳಿ ಬಂದಾಗ ಎಲ್ಲವೂ ಪಟ್ಟಿಯಂತೆ ನಡೆದಿತ್ತು.

ಬಾಗಿಲಲ್ಲೇ ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿಯ ವಾಸನೆ. ಅದರ ಜೊತೆ ಮೆಣಸಿನ ಸಾರು, ಬಿಸಿ ಅನ್ನ. ಶ್ರೀನಿವಾಸಪುರದಲ್ಲಿ ಅಮ್ಮ ನನ್ನ ಬಾಣಂತನ ಮಾಡಿದ ಕೋಣೆಯೇ ಕಣ್ಣ ಮುಂದೆ ಬಂತು. ಸಾಂಬ್ರಾಣಿ ಹೊಗೆ, ತಲೆಗೆ ಕಟ್ಟಿದ ಹಳೆಯ ಸೀರೆಯ ತುಂಡು, ತುತ್ತು ಮಾಡಿ ಕೈಗಿಡುತ್ತಿದ್ದ ಅಮ್ಮ. ಮಧ್ಯಾಹ್ನ ಎಲ್ಲರ ಊಟ ಮುಗಿದ ಮೇಲೆ ಅವಳು ಗೋಡೆಗೆ ಎರಡೂ ಕಾಲು ಎತ್ತಿ ಒರಗಿಸಿ ಮಲಗುತ್ತಿದ್ದಳು. ಕಾಲು ಸೋತಿದೆ ಎನ್ನುತ್ತಿದ್ದಳು. ಆಗಲೇ ನರ್ಸಿಂಗ್ ಓದಿ ಕೆಲಸಕ್ಕೆ ಸೇರಿದ್ದ ನಾನು ಅದನ್ನು ನಂಬಿದ್ದೆ. ಭಾನುವಾರ ಇದನ್ನೆಲ್ಲ ನೆನೆಯುತ್ತಾ ಎರಡು ಸಲ ಬಡಿಸಿಕೊಂಡು ಉಂಡೆ.

ಸೋಮವಾರ ಬೆಳಿಗ್ಗೆ ತಂಗಿ ಬಚ್ಚಲುಮನೆಗೆ ಹೋದವಳು ಅರ್ಧ ಗಂಟೆ ಬರಲಿಲ್ಲ. ಬಂದಾಗ ಹಣೆ ಬೆವೆತಿತ್ತು, ಕೈ ಬಾಗಿಲನ್ನು ಹಿಡಿದಿತ್ತು.

"ಎಷ್ಟು ದಿನ ಆಯ್ತೇ ಎರಡಕ್ಕೆ ಹೋಗಿ?" ಎಂದೆ.

"ನಾಲ್ಕು."

"ತಿಣುಕಿದ್ಯಾ?"

"ಇನ್ನೇನ್ಮಾಡ್ಲಿ ಅಕ್ಕ. ಈಗ ಕೆಳಗೆ ಭಾರ ಅನ್ನಿಸ್ತಿದೆ. ಮೊದಲಿನ ಹಾಗೇ."

ಆಪರೇಷನ್ನಿಗೆ ಮುಂಚೆ ಅವಳು ಡಾಕ್ಟರನ್ನು ಕೇಳಿದ್ದು ಒಂದೇ ಮಾತು: ಮತ್ತೆ ಜಾರುವುದಿಲ್ಲ ತಾನೇ? ಮಗಳ ವಯಸ್ಸಿನ ಆ ಡಾಕ್ಟರು, "ಎಷ್ಟು ಜಾರಿದೆ, ಒಳಗಿನ ಸ್ನಾಯು ಎಷ್ಟು ಗಟ್ಟಿ ಇದೆ ನೋಡಿ ಅಂದಾಜು ಹೇಳಬಹುದಮ್ಮ, ಮಾತು ಕೊಡೋಕಾಗಲ್ಲ. ಭಾರ ಎತ್ತೋದು, ಕೆಮ್ಮು, ತಿಣುಕೋದು ಇಲ್ಲದ ಹಾಗೆ ನೋಡ್ಕೊಂಡ್ರೆ ಅಂದಾಜು ನಮ್ಮ ಕಡೆಗೆ ವಾಲುತ್ತೆ" ಎಂದಿದ್ದರು. ಆಮೇಲೆ, ಇದರಿಂದ ನಿಮಗೆ ಏನಾಗಬೇಕು ಎಂದು ಕೇಳಿದ್ದರು. ನನ್ನ ಇಡೀ ಸರ್ವಿಸಿನಲ್ಲಿ ಯಾರೂ ರೋಗಿಯನ್ನು ಹಾಗೆ ಕೇಳಿದ್ದು ನಾನು ಕಂಡಿರಲಿಲ್ಲ.

"ಮಾಲೂರಿಗೆ ಬಸ್ಸಲ್ಲಿ ಹೋಗಬೇಕು, ಮಗಳ ಮನೆಗೆ. ದಾರೀಲಿ ಒಂದಕ್ಕೆ ಅಂತ ಎಲ್ಲೂ ಇಳೀದೆ" ಎಂದಿದ್ದಳು ತಂಗಿ. ಡಾಕ್ಟರು ಅದನ್ನು ಫೈಲಿನಲ್ಲಿ ಬರೆದುಕೊಂಡಿದ್ದರು.

"ನೀರೆಷ್ಟು ಕುಡೀತಿದ್ದೀಯ?" ಎಂದೆ. ತಂಗಿ ಅತ್ತೆಯ ಕಡೆ ನೋಡಿದಳು.

"ದಿನಕ್ಕೆ ಎರಡು ಲೋಟ, ಕಾಯಿಸಿ ಆರಿಸಿದ್ದು" ಎಂದರು ಅತ್ತೆ. "ಪಚ್ಚಿ ಒಳ್ಳು ಕಣಮ್ಮ ಅದು, ಅಂದ್ರೆ ಹಸಿ ಮೈ. ಸೊಪ್ಪು, ಹಣ್ಣು ಕೊಡ್ತಾರಾ? ನಾಲ್ಕು ಬಾಣಂತನ ಮಾಡಿದ್ದೀನಿ ನಾನು."

"ಇದು ಬಾಣಂತನ ಅಲ್ಲಮ್ಮ."

"ನಿನ್ನೆ ಎರಡು ಸಲ ಬಡಿಸ್ಕೊಂಡು ತಿಂದ್ಯಲ್ಲ ನರ್ಸಮ್ಮ, ಆಗ ತೋರಲಿಲ್ವಾ?"

ತೋರಲಿಲ್ಲ. ಗೋಡೆಯ ಪಟ್ಟಿ ನೋಡಿದೆ. ಅದರಲ್ಲಿ ನೀರಿನ ಮಾತೇ ಇರಲಿಲ್ಲ. ವಾರ್ಡಿನಲ್ಲಿ ಹಾಸಿಗೆಯ ಜೊತೆಗೇ ನೀರಿನ ಜಗ್ಗು ಬರುತ್ತಿತ್ತು. ಅದನ್ನು ಬರೆಯಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ಡಾಕ್ಟರಿಗೆ ಫೋನ್ ಮಾಡಿದೆ. ಹನ್ನೊಂದಕ್ಕೆ ಬನ್ನಿ ಎಂದರು. ಕಾರು ಮಾಡಿಕೊಂಡು ಹೊರಟೆವು. ಬೇಡವೆಂದರೂ ಅತ್ತೆ ಮುಂದಿನ ಸೀಟಿನಲ್ಲಿ ಕೂತರು. ಮುಳಬಾಗಿಲು ದಾಟಿ ಕೋಲಾರ ಸೇರುವವರೆಗೆ ತಂಗಿ ನನ್ನ ಸೆರಗಿನ ತುದಿ ಹಿಡಿದುಕೊಂಡಿದ್ದಳು, ಚಿಕ್ಕವಳಿದ್ದಾಗ ಹಿಡಿಯುತ್ತಿದ್ದ ಹಾಗೆ.

ಪರೀಕ್ಷೆ ಮುಗಿಸಿ ಡಾಕ್ಟರು ಕೈ ತೊಳೆದುಕೊಂಡರು. "ಹೊಲಿಗೆ ಸರಿಯಾಗಿದೆ. ಇನ್ನೊಂದು ವಾರ ಹೀಗೇ ತಿಣುಕಿದ್ದಿದ್ರೆ ಏನಾಗ್ತಿತ್ತೋ ಹೇಳಲಾರೆ" ಎಂದು ಔಷಧಿ ಬರೆದರು. ನೀರು, ಸೊಪ್ಪು, ಪರಂಗಿ ಹಣ್ಣು ಎಲ್ಲವೂ ಆಗಬೇಕು ಎಂದರು.

ಅತ್ತೆ ಕೇಳಿದರು: "ಬೆಳ್ಳುಳ್ಳಿನಾದ್ರೂ ಹಾಕಬಹುದಾ?"

"ಧಾರಾಳವಾಗಿ ಹಾಕಿ ಅಜ್ಜಿ."

ಸಂಜೆಯ ಹೊತ್ತಿಗೆ ತಂಗಿಯ ಮುಖ ಹಗುರಾಗಿತ್ತು. ಅತ್ತೆ ಅಡಿಗೆಮನೆಯಲ್ಲಿ ದಂಟಿನ ಸೊಪ್ಪು ಬಿಡಿಸುತ್ತಾ ತಮ್ಮಷ್ಟಕ್ಕೆ ಗೊಣಗುತ್ತಿದ್ದರು. ಅಮ್ಮ ಗೋಡೆಗೆ ಕಾಲು ಒರಗಿಸಿ ಮಲಗುತ್ತಿದ್ದುದನ್ನು ತಂಗಿಗೆ ಹೇಳಿದೆ.

"ಅವಳಿಗೂ ಇದೇ ಇತ್ತಾ ಅಕ್ಕ? ಯಾಕೆ ಹೇಳಲಿಲ್ಲ?"

"ನಾನು ಕೇಳಲಿಲ್ಲ ಕಣೇ."

ಪಟ್ಟಿಯನ್ನು ಕಿತ್ತು ಹೊಸದಾಗಿ ಬರೆದೆ. ನೀರು ಎಂಬುದನ್ನು ಎಲ್ಲಕ್ಕಿಂತ ಮೇಲೆ ಹಾಕಿದೆ. ಕೆಳಗೆ, ಡಾಕ್ಟರ ಫೈಲಿನಲ್ಲಿದ್ದಂತೆ, ಮಾಲೂರು ಬಸ್ಸು ಎಂದು ಬರೆದೆ. ಚೊಂಬು ತುಂಬಿಸಿ ಅವಳ ಕೈಗೆ ಎಟಕುವಂತೆ ಇಟ್ಟು, ಮೇಲೆ ಲೋಟ ಕವುಚಿದೆ.