ಎತ್ತಿಗೆ ಗೊತ್ತಿದ್ದ ದಾರಿ

ಕುಡುಕರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಕುಡಿದವನು ಒಳ್ಳೆಯವನಾಗಿದ್ದರಂತೂ ಇನ್ನೂ ಸಿಟ್ಟು ಬರುತ್ತದೆ, ಏಕೆಂದರೆ ಅವನನ್ನು ಬಾಯಿ ತುಂಬ ಬೈಯಲು ಬರುವುದಿಲ್ಲ. ಮಿಶ್ರಿಕೋಟಿಯ ಹೊಳೆಪ್ಪ ಈ ಎರಡನೆಯ ನಮೂನೆಯವನು. ನಾನು ಆ ಊರಿಗೆ ಕನ್ನಡ ಶಾಲೆಯ ಮಾಸ್ತರನಾಗಿ ಹೋದಾಗ ಬಾಡಿಗೆಗೆ ಸಿಕ್ಕ ಖೋಲಿ ಅವನ ಮನೆಯ ಗೋಡೆಗೆ ಅಂಟಿಕೊಂಡಿತ್ತು. ಹೀಗಾಗಿ ಅವನ ಕತೆಯನ್ನು ನಾನು ಅರ್ಧ ಕಣ್ಣಿನಿಂದ ನೋಡಿದ್ದೇನೆ, ಅರ್ಧ ಗೋಡೆಯಾಚೆಯಿಂದ ಕೇಳಿದ್ದೇನೆ.

ಹೊಳೆಪ್ಪನ ಕಸುಬು ಚಕ್ಕಡಿ ಹೊಡೆಯುವುದು. ಊರವರ ಭತ್ತ, ಮೆಣಸಿನಕಾಯಿ ಕಲಘಟಗಿಗೆ ಒಯ್ಯುವುದು, ಬರುವಾಗ ಉಪ್ಪು, ಎಣ್ಣೆ, ಹಿಂಡಿ ತರುವುದು. ಅವನ ಎತ್ತುಗಳು ಎರಡು, ಕರಿಯ ಮತ್ತು ಮಾಣಿಕ. ಸಂತೆಯ ದಿನ ಮಾಲು ಇಳಿಸಿದ ಮೇಲೆ ಹೊಳೆಪ್ಪ ಸರಾಯಿ ಅಂಗಡಿಗೆ ಹೋಗುತ್ತಿದ್ದ. ಹೊರಗೆ ಬಂದು, ಚಕ್ಕಡಿ ಹತ್ತಿ, ಚೀಲದ ಮೇಲೆ ಅಡ್ಡಾಗಿ, ಎತ್ತುಗಳಿಗೆ "ಹೂಂ, ನಡೀರಿ" ಅಂದರೆ ಮುಗಿಯಿತು. ಕರಿಯ, ಮಾಣಿಕ ತಾವೇ ರಸ್ತೆ ಹಿಡಿದು, ಊರಿನ ತಿರುವಿನಲ್ಲಿ ತಾವೇ ಹೊರಳಿ, ಅವನ ಮನೆಯ ಕಟ್ಟೆಯ ಮುಂದೆ ಬಂದು ನಿಲ್ಲುತ್ತಿದ್ದವು. ಹೆಂಡತಿ ಅನ್ನವ್ವ ಮೊದಲು ಎತ್ತುಗಳ ಕೊರಳ ಹಗ್ಗ ಬಿಚ್ಚಿ ನೀರು ಕುಡಿಸಿ, ಆಮೇಲೆ ಗಂಡನನ್ನು ಇಳಿಸುತ್ತಿದ್ದಳು.

ಇದನ್ನು ಊರಲ್ಲಿ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಎತ್ತು ಇದ್ದರೆ ಹೊಳೆಪ್ಪನ ಎತ್ತಿನಂಥವು ಇರಬೇಕು ಎಂದು ಹೊಗಳುತ್ತಿದ್ದರು. ಆ ಹೊಗಳಿಕೆಯಲ್ಲಿ ಹೊಳೆಪ್ಪನಿಗೂ ಒಂದು ಪಾಲು ಸಿಗುತ್ತಿತ್ತು. ಎತ್ತಿನ ಬುದ್ಧಿಯನ್ನು ಹೊಗಳಿ ಹೊಗಳಿ ಮನುಷ್ಯನ ಬುದ್ಧಿಗೇಡಿತನವನ್ನು ಮುಚ್ಚಿಹಾಕಿದ ಊರು ಅದು. ಹೀಗೆ ಒಮ್ಮೆ ಕಟ್ಟೆಯ ಮೇಲೆ ಅಂದೆ. ಹೊಸ ಮಾಸ್ತರಿಗೆ ಎತ್ತಿನ ವಿಷಯ ಏನು ಗೊತ್ತು ಎಂದು ನಕ್ಕರು.

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರು ಬಂದ ಮರುವರ್ಷ ಶಂಭುಲಿಂಗಪ್ಪಗೌಡರು ಟ್ರ್ಯಾಕ್ಟರ್ ತಂದರು. ಊರಿಗೆ ಅದೇ ಮೊದಲನೆಯದು. ಹೊಡೆಯುವವನು ಯಾರು ಅನ್ನುವ ಪ್ರಶ್ನೆಯೇ ಬರಲಿಲ್ಲ, ಹೊಳೆಪ್ಪನಷ್ಟು ದಾರಿ ಸವೆಸಿದವನು ಇನ್ನೊಬ್ಬನಿರಲಿಲ್ಲ. ಫಿಟ್ಟರ್ ರಸೂಲಸಾಬ ಅವನನ್ನು ಬಾಜು ಕೂಡಿಸಿಕೊಂಡು ಕಲಿಸಿದ. ಲೈಸೆನ್ಸ್ ಬಂದ ದಿನ ಹೊಳೆಪ್ಪ ಅದನ್ನು ಜಗಲಿಯ ಮೇಲೆ ದೇವರ ಪಕ್ಕ ಇಟ್ಟು ವಿಭೂತಿ ಹಚ್ಚಿದ. ಎತ್ತು ಮಾರಿಬಿಡೋಣ ಎಂದು ಅವನಂದರೆ ಅನ್ನವ್ವ ಒಪ್ಪಲಿಲ್ಲ. ಟ್ರ್ಯಾಕ್ಟರ್ ಗೌಡರದು, ಎತ್ತು ನಮ್ಮವು ಎಂದಳು.

ಊರಿನ ತಿರುವಿನಲ್ಲಿ ಅಮೀರಬಿಯ ಚುರುಮರಿ ಭಟ್ಟಿ ಇತ್ತು. ರಸೂಲಸಾಬನ ಅಕ್ಕ. ಗಂಡ ತೀರಿಕೊಂಡ ಮೇಲೆ ಮಗಳು ಜರೀನಾಬಿಯನ್ನು ಕಟ್ಟಿಕೊಂಡು ಆ ಒಂದು ಒಲೆಯ ಮೇಲೆ ಸಂಸಾರ ಮಾಡಿದವಳು. ಬೆಳಗಾದರೆ ಭಟ್ಟಿಯ ಮುಂದೆ ಕೂತು, ಕಾದ ಮರಳಿನಲ್ಲಿ ಅಕ್ಕಿ ಹಾಕಿ ಕೋಲಿನಿಂದ ಕೆದಕುತ್ತ, ದಾರಿಯಲ್ಲಿ ಹೋಗಿಬರುವವರ ಲೆಕ್ಕವನ್ನೆಲ್ಲ ಬಾಯಲ್ಲೇ ಇಡುತ್ತಿದ್ದಳು. ನಮ್ಮ ಶಾಲೆಗೆ ಸಾಹೇಬರು ತಪಾಸಣೆಗೆ ಬರುವುದು ನನಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು.

ಆ ಸುಗ್ಗಿಯಲ್ಲಿ ಹೊಳೆಪ್ಪ ಗೌಡರ ಭತ್ತವನ್ನು ಕಲಘಟಗಿಯ ಮಿಲ್ಲಿಗೆ ಹಾಕಿ, ಹಳೆಯ ರೂಢಿಯಂತೆ ಸರಾಯಿ ಅಂಗಡಿಗೆ ಹೋಗಿ, ಹಳೆಯ ರೂಢಿಯಂತೆ ಮನೆಗೆ ಹೊರಟ. ರಸ್ತೆ ನೆಟ್ಟಗಿತ್ತು, ಮಧ್ಯಾಹ್ನದ ಬಿಸಿಲಿತ್ತು, ಕಣ್ಣು ಎಳೆಯಿತು. ಎಳೆದದ್ದನ್ನು ಅವನು ತಡೆಯಲಿಲ್ಲ. ಇಪ್ಪತ್ತು ವರ್ಷ ಆ ದಾರಿಯಲ್ಲಿ ನಿದ್ದೆ ಮಾಡಿಯೇ ಮನೆ ಮುಟ್ಟಿದವನು. ತಿರುವು ಬಂದಾಗ ಎತ್ತಾಗಿದ್ದರೆ ಹೊರಳುತ್ತಿತ್ತು. ಟ್ರ್ಯಾಕ್ಟರ್ ನೆಟ್ಟಗೆ ಹೋಗಿ ಭಟ್ಟಿಯ ಗೋಡೆಯೊಳಗೆ ನುಗ್ಗಿತು.

ಅಮೀರಬಿ ಆಗಷ್ಟೇ ಕೊಡ ತೆಗೆದುಕೊಂಡು ಬೋರ್‌ವೆಲ್ ಕಡೆಗೆ ಎದ್ದಿದ್ದಳು. ಅವಳ ಕಣ್ಣ ಮುಂದೆಯೇ ಅದು ನಡೆಯಿತು. ಹೊಳೆಪ್ಪ ಕೊನೆಯ ಗಳಿಗೆಯಲ್ಲಿ ಕಣ್ಣು ಬಿಟ್ಟ, ಆದರೆ ಬ್ರೇಕ್ ತುಳಿಯಲಿಲ್ಲ. ಸ್ಟಿಯರಿಂಗನ್ನು ಎರಡೂ ಕೈಯಿಂದ ಹಗ್ಗ ಜಗ್ಗಿದ ಹಾಗೆ ಹಿಂದಕ್ಕೆ ಜಗ್ಗಿ "ಹೋ, ಹೋ" ಎಂದು ಕೂಗಿದನಂತೆ. ಇದನ್ನು ಹೇಳುವಾಗ ಅವಳಿಗೆ ಒಂದು ಸಲ ಅಳು ಬರುತ್ತಿತ್ತು, ಒಂದು ಸಲ ನಗು ಬರುತ್ತಿತ್ತು. ಯಾರ ಜೀವಕ್ಕೂ ಏನೂ ಆಗಲಿಲ್ಲ. ಆದರೆ ಅವಳು ದಿನಾ ಕೂಡುತ್ತಿದ್ದ ಮಣೆ ಮುಂದಿನ ಗಾಲಿಯ ಕೆಳಗೆ ಪುಡಿಯಾಗಿ ಬಿದ್ದಿತ್ತು. ಅದನ್ನು ನೋಡಿ ಹೊಳೆಪ್ಪನ ಅಮಲು ಇಳಿಯಿತು. ಅಲ್ಲಿಯೇ ಮಣ್ಣಿನಲ್ಲಿ ಕುಕ್ಕರಗಾಲಿನಲ್ಲಿ ಕೂತುಬಿಟ್ಟ. ಸುದ್ದಿ ತಿಳಿದು ಪೊಲೀಸರು ಬಂದಾಗಲೂ ಕೂತೇ ಇದ್ದ. ಕಲಘಟಗಿಗೆ ಒಯ್ದರು, ಡಾಕ್ಟರರು ಬಾಯಿ ವಾಸನೆ ನೋಡಿದರು, ಲೈಸೆನ್ಸ್ ಕಸಿದುಕೊಂಡು ಒಳಗೆ ಹಾಕಿದರು.

ಮರುದಿನ ಗೌಡರು ಜಾಮೀನು ಕೊಟ್ಟು ಬಿಡಿಸಿಕೊಂಡು ಬಂದರು. ಅನ್ನವ್ವ ಕೂಗಾಡುತ್ತಾಳೆ ಎಂದು ನಾನು ಗೋಡೆಯ ಈಚೆ ಕಾದು ಕೂತಿದ್ದೆ. ಕೂಗಾಡಲಿಲ್ಲ. ನೀರು ಕೊಟ್ಟಳು, ರೊಟ್ಟಿ ಹಾಕಿದಳು.

"ಎತ್ತು ತಂದು ಮುಟ್ಟಸ್ತಾವ ಅಂತ ನಾನೂ ಸುಮ್ಮನ ಇದ್ದೆ. ನಂದೂ ತಪ್ಪೈತಿ" ಎಂದಳು.

"ನಿಂದೇನೂ ಇಲ್ಲ. ನನ್ನ ಎಚ್ಚರಾನೂ ನಾ ಎತ್ತಿನ ಹೆಗಲ ಮ್ಯಾಲೆ ಹೊರಿಸಿದ್ದೆ" ಎಂದ ಹೊಳೆಪ್ಪ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದುಕೊಂಡೆ ನಾನು. ಇಲ್ಲಿ ಉರಿಯಲು ಒಲೆಯೂ ಉಳಿದಿರಲಿಲ್ಲ.

ಬೆಳಗಾಗುವುದರೊಳಗೆ ಅವನು ಚಕ್ಕಡಿ ಹೂಡಿ ಕೆರೆಯ ಜಿಗುಟು ಮಣ್ಣು ತಂದು ತಿರುವಿನಲ್ಲಿ ಸುರಿದ. ಅದಕ್ಕೆ ಹೊಟ್ಟು ಕಲಸಿ ತುಳಿಯತೊಡಗಿದ. ಅದು ಸಂತೆಯ ದಾರಿ. ಹೋಗುವವರೆಲ್ಲ ನಿಂತು ನೋಡುತ್ತಿದ್ದರು, ಕೆಲವರು ಎತ್ತಿಗೆ ಅನ್ನುವ ಹಾಗೆ ಹೋ ಹೋ ಅನ್ನುತ್ತಿದ್ದರು. ಅವನು ತಲೆ ಎತ್ತಲಿಲ್ಲ, ತುಳಿಯುವುದನ್ನೂ ಬಿಡಲಿಲ್ಲ. ಹೊಸ ಭಟ್ಟಿ ಏಳುವ ತನಕ ಅಮೀರಬಿ ದೇವಿಕೊಪ್ಪದ ನೆಂಟರ ಭಟ್ಟಿಗೆ ಹೋಗಿ ಹುರಿದು ತಂದಳು. ಹೊಳೆಪ್ಪ ಕಟ್ಟಿದ ಮೊದಲನೆಯ ಭಟ್ಟಿ ಬೆಂಕಿ ಹಾಕಿದೊಡನೆ ಬಿರಿಯಿತು. ಅವಳು ಏನೂ ಮುಲಾಜು ನೋಡದೆ ಅದನ್ನು ಒಡೆಸಿ ಮತ್ತೆ ಕಟ್ಟಿಸಿದಳು. ಎರಡನೆಯದು ನಿಂತಿತು. ಮೊದಲನೆಯ ಬಿಸಿ ಚುರುಮರಿಯನ್ನು ಅವನ ಉಡಿಗೆ ಹಾಕಿದಳು, ಮಾತು ಮಾತ್ರ ಆಡಲಿಲ್ಲ.

ಕೋರ್ಟಿನ ತಾರೀಖು ಹತ್ತಿರ ಬಂದಾಗ ಗೌಡರು ಹೊಳೆಪ್ಪನನ್ನು ಕರೆಸಿದರು. ಓದಿದವನು ಒಬ್ಬ ಇರಲಿ ಎಂದು ನನ್ನನ್ನೂ ಕೂಡಿಸಿದ್ದರು. ಗೌಡರು ಕೆಟ್ಟವರಲ್ಲ, ಹೊಳೆಪ್ಪನ ಮೇಲೆ ಅವರಿಗೆ ಪ್ರೀತಿ ಇತ್ತು. ಹುಬ್ಬಳ್ಳಿಯಿಂದ ತಂದ ಹೊಸ ಡ್ರೈವರ್ ಬದುಗಳನ್ನೆಲ್ಲ ಕೆಡಿಸುತ್ತಿದ್ದ ಎಂಬ ಸಂಕಟವೂ ಇತ್ತು. ಅವರು ಹೇಳಿದ ಉಪಾಯ ಸರಳವಾಗಿತ್ತು. ಅಪಘಾತದ ಹಿಂದಿನ ವಾರವಷ್ಟೇ ರಸೂಲಸಾಬ ಬ್ರೇಕು ಬಿಚ್ಚಿ ಮತ್ತೆ ಜೋಡಿಸಿದ್ದ. ಬ್ರೇಕ್ ಹತ್ತಲಿಲ್ಲ ಎಂದು ಹೇಳಿದರೆ ಸಾಕು. ತಪ್ಪು ಫಿಟ್ಟರನ ಮೇಲೆ ಹೋಗುತ್ತದೆ, ಕುಡಿದದ್ದು ಸಣ್ಣದಾಗುತ್ತದೆ, ಲೈಸೆನ್ಸ್ ಉಳಿಯುತ್ತದೆ. ಅಮೀರಬಿ ಸಾಕ್ಷಿ ಹೇಳದಂತೆ ಅವಳ ಭಟ್ಟಿಗೆ ಹೆಂಚು ಹೊದಿಸಿ ಕೊಡುವುದು. ಅವಳಿಗೆ ಆಗಲೇ ಹೇಳಿ ಕಳಿಸಿಯೂ ಆಗಿತ್ತು. ಹೆಂಚು ಹೊದಿಸಿರಿ, ಆದರೆ ನನ್ನ ಬಾಯಿಗೆ ಹೊದಿಸಬೇಡಿರಿ ಎಂದು ಅವಳು ಉತ್ತರ ಕೊಟ್ಟಿದ್ದಳು.

ಲೈಸೆನ್ಸ್ ಹೋದರೆ ಹೊಳೆಪ್ಪನಿಗೆ ಏನು ಹೋಗುತ್ತದೆ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಟ್ರ್ಯಾಕ್ಟರಿನ ಮೇಲೆ ಕೂತಾಗ ಅವನ ಬೆನ್ನು ನೆಟ್ಟಗಾಗುತ್ತಿತ್ತು. ದೇವರ ಜಗಲಿಯ ಮೇಲೆ ಆ ಜಾಗ ಈಗಲೂ ಖಾಲಿ ಇತ್ತು.

"ಒಮ್ಮೆ ಅವರ ಭಟ್ಟಿ ಮ್ಯಾಲೆ ಹಾಯಿಸೇನ್ರಿ ಗೌಡ್ರ. ಇನ್ನೊಮ್ಮೆ ಅದ ಮನಿ ಹೆಸರಿನ ಮ್ಯಾಲೆ ಹಾಯಸಂಗಿಲ್ರಿ" ಎಂದು ಎದ್ದು ನಿಂತ.

ಗೌಡರು ಸಿಟ್ಟಾದರು. ಹಾಗಾದರೆ ವಕೀಲರನ್ನೂ ನೀನೇ ನೋಡಿಕೋ ಎಂದರು. ಅವನು ವಕೀಲರೇ ಬೇಡ ಎಂದ.

ಧಾರವಾಡಕ್ಕೆ ಅವನ ಜೊತೆ ನಾನು ಹೋದೆ. ಕೋರ್ಟಿನಲ್ಲಿ ಜಡ್ಜ್ ಸಾಹೇಬರು ತಪ್ಪು ಒಪ್ಪುತ್ತೀಯೇನು ಎಂದು ಕೇಳಿದರು.

"ಒಪ್ತೇನ್ರಿ. ಬ್ರೇಕ್ ಚಲೋ ಇತ್ರಿ. ಅದನ್ನ ತುಳಿಯೋ ಎಚ್ಚರ ನನಗ ಇದ್ದಿಲ್ರಿ."

ನಡೆಯುವ ಟ್ರ್ಯಾಕ್ಟರಿನ ಮೇಲೆ ನಿದ್ದೆ ಹೇಗೆ ಮಾಡಿದೆ ಎಂದು ಸಾಹೇಬರಿಗೆ ಆಶ್ಚರ್ಯ. ಹೊಳೆಪ್ಪ ಕರಿಯ, ಮಾಣಿಕರ ಕತೆಯನ್ನೆಲ್ಲ ಹೇಳಿದ. ಕೋರ್ಟಿನಲ್ಲಿದ್ದವರು ನಕ್ಕರು. ಸಾಹೇಬರೂ ಸ್ವಲ್ಪ ನಕ್ಕು, ಚಾಳೀಸು ತೆಗೆದು ಒರೆಸಿಕೊಂಡರು.

"ಎತ್ತಿಗೆ ದಾರಿ ಗೊತ್ತಿತ್ತು, ಖರೆ. ದಾರಿಯಲ್ಲಿ ಇದ್ದವರಿಗೆ ನೀನು ಮಲಗಿದ್ದು ಗೊತ್ತಿತ್ತೇನು?" ಎಂದು ಕೇಳಿದರು.

ಹೊಳೆಪ್ಪ ಕೈಮುಗಿದ. ದಂಡ ಹಾಕಿದರು, ಹದಿನೈದು ದಿನ ಜೈಲು, ಒಂದು ವರ್ಷ ಲೈಸೆನ್ಸ್ ಇಲ್ಲ. ಹೊರಗೆ ಕಟ್ಟೆಯ ಮೇಲೆ ರಸೂಲಸಾಬ ಕಾಯುತ್ತಿದ್ದ. ಪೊಲೀಸರನ್ನು ಕೇಳಿ, ಹೊಳೆಪ್ಪನಿಗೆ ಒಂದು ಕಪ್ ಚಹಾ ಕುಡಿಸಿದ. ಹೊಳೆಪ್ಪನ ಮುಖದಲ್ಲಿ ಆವತ್ತು ಕಂಡಷ್ಟು ನೆಮ್ಮದಿಯನ್ನು ಜೈಲಿಗೆ ಹೊರಟ ಇನ್ನಾವ ಮನುಷ್ಯನ ಮುಖದಲ್ಲೂ ನಾನು ಕಂಡಿಲ್ಲ.

ತಿರುಗಿ ಬಂದ ಮೇಲೆ ಅವನು ಮತ್ತೆ ಚಕ್ಕಡಿ ಹೂಡಿದ, ಆದರೆ ಹತ್ತಿ ಕೂಡಲಿಲ್ಲ. ಎತ್ತುಗಳ ಮುಂದೆ ಹಗ್ಗ ಹಿಡಿದು ಕಲಘಟಗಿಯ ತನಕ ನಡೆಯುತ್ತಿದ್ದ, ನಡೆದೇ ಬರುತ್ತಿದ್ದ. ಎತ್ತಿಗೆ ದಾರಿ ಮರೆತಿದೆಯೇನೋ ಎಂದು ಜನ ಕೆಣಕಿದರೆ, ಎತ್ತಿಗಲ್ಲ, ನನಗೆ ಮರೆತಿತ್ತು, ಕಲಿಯುತ್ತಿದ್ದೇನೆ ಅನ್ನುತ್ತಿದ್ದ. ಅವನು ಕುಡಿಯುವುದನ್ನು ಒಮ್ಮೆಗೇ ಬಿಟ್ಟ ಎಂದು ಬರೆಯಲು ನನಗೂ ಆಸೆ, ಆದರೆ ಸುಳ್ಳಾಗುತ್ತದೆ. ಒಂದು ಸಂತೆಯ ದಿನ ಹಳೆಯ ಗೆಳೆಯರ ಕೈಗೆ ಸಿಕ್ಕಿ ಕುಡಿದ. ಆವತ್ತು ಎತ್ತು ಚಕ್ಕಡಿ ಎರಡನ್ನೂ ಪರಿಚಯದವರ ಹಿತ್ತಲಿನಲ್ಲಿ ಬಿಟ್ಟು, ಒಬ್ಬನೇ ರಸ್ತೆಯ ಅಂಚು ಹಿಡಿದು ನಡೆದು ಬಂದ. ಅನ್ನವ್ವ ನಾಲ್ಕು ದಿನ ಮಾತು ಬಿಟ್ಟಳು. ಆ ಮೇಲೆ ಕುಡಿದದ್ದನ್ನು ನಾನು ನೋಡಿಲ್ಲ, ಗೋಡೆಯಾಚೆಯಿಂದ ಕೇಳಿಯೂ ಇಲ್ಲ.

ವರ್ಷ ಕಳೆದು ಲೈಸೆನ್ಸ್ ತಿರುಗಿ ಬಂತು. ಗೌಡರ ಸಿಟ್ಟೂ ಇಳಿದಿತ್ತು, ಬಾ ಎಂದರು. ಅವನು ಹೋಗಲಿಲ್ಲ. ನನ್ನ ಹಿಂದೆ ಯಾರು ಧೈರ್ಯ ಮಾಡಿ ಕೂಡುತ್ತಾರೆ ಅಂದ. ನನ್ನನ್ನು ಕೇಳಿದ್ದರೆ ನಾನೂ ಕೂಡುವುದಿಲ್ಲ ಅನ್ನುತ್ತಿದ್ದೆ.

ಅಷ್ಟರಲ್ಲಿ ಜರೀನಾಬಿಯ ಮದುವೆ ಬಂತು, ವರ ಅಳ್ನಾವರದವನು. ನಿಕಾ ನಮ್ಮೂರಲ್ಲೇ ಆಯಿತು, ಮರುದಿನ ಗಂಡಿನ ಮನೆಯಲ್ಲಿ ಊಟ. ಅಮೀರಬಿ ಗೌಡರ ಮನೆಗೆ ಹೋಗಿ ಟ್ರ್ಯಾಕ್ಟರ್ ಕೇಳಿದಳು, ಜೊತೆಗೆ ಹೊಡೆಯುವವನ ಹೆಸರನ್ನೂ ಹೇಳಿದಳು. ಅಲ್ಲಿಂದ ನೇರ ಹೊಳೆಪ್ಪನ ಕಟ್ಟೆಗೆ ಬಂದಳು. ಅವನು ತಲೆ ಬಗ್ಗಿಸಿ, ಬೇರೆಯವರನ್ನು ನೋಡು ಎಂದ.

"ಹೊಳೆಪ್ಪಣ್ಣ, ನನ್ನ ಭಟ್ಟಿ ಎರಡು ಸಲ ಕಟ್ಟೀಯಲ್ಲ, ಅದನ್ನ ನಾ ನೋಡೇನಿ. ಹೋಗೂಣು, ನಡಿ. ನಿದ್ದಿ ಬಂದ್ರ ಈ ಕೋಲ್ಲೆ ತಿವೀತೇನಿ" ಎಂದಳು.

ಊಟದ ದಿನ ಖರೇನೇ ಮರಳು ಕೆದಕುವ ಕೋಲು ಹಿಡಿದುಕೊಂಡು ಬಂದು, ಅವನ ಬಾಜು ಮಡ್‌ಗಾರ್ಡಿನ ಮೇಲೆ ಕೂತಳು. ರಸೂಲಸಾಬ, ಅನ್ನವ್ವ, ನೆಂಟರಿಷ್ಟರೆಲ್ಲ ಹಿಂದಿನ ಟ್ರೇಲರಿನಲ್ಲಿ. ಜರೀನಾಬಿ ನನ್ನ ಶಿಷ್ಯೆ, ಆದ್ದರಿಂದ ನಾನೂ ಹೋಗಲೇಬೇಕಾಯಿತು. ಎಚ್ಚರಿಕೆಗೆ ಒಬ್ಬರಾದರೂ ಇರಲಿ ಎಂದು ಹೊಳೆಪ್ಪನ ಬೆನ್ನು ಕಾಣುವ ಹಾಗೆ ಮುಂದಿನ ಮೂಲೆ ಹಿಡಿದೆ. ಅಳ್ನಾವರದಲ್ಲಿ ಅವರೆಲ್ಲ ಗಡದ್ದಾಗಿ ಉಂಡರು. ನನಗೆ ಬೇರೆ ಕುರ್ಚಿ ಹಾಕಿ ಬಾಳೆಹಣ್ಣು, ಹಾಲು ಕೊಟ್ಟರು. ಹೊಳೆಪ್ಪ ಅರ್ಧ ಹೊಟ್ಟೆ ಉಂಡು ಎದ್ದ.

ತಿರುಗಿ ಬರುವಾಗ ಮಧ್ಯಾಹ್ನದ ಅದೇ ಬಿಸಿಲು. ಕಲಘಟಗಿ ದಾಟುವುದರೊಳಗೆ ಟ್ರೇಲರಿನಲ್ಲಿ ಒಬ್ಬೊಬ್ಬರೇ ಒರಗಿದರು. ಅನ್ನವ್ವ ಮಲಗಿದಳು. ಮಡ್‌ಗಾರ್ಡಿನ ಕಂಬಿ ಹಿಡಿದುಕೊಂಡೇ ಅಮೀರಬಿಯೂ ತೂಕಡಿಸಿದಳು, ಕೋಲು ಮಡಿಲಲ್ಲಿ ಬಿತ್ತು. ಹೊಳೆಪ್ಪ ಒಂದು ಸಲ ಅವಳ ಕಡೆ ನೋಡಿ, ವೇಗ ತಗ್ಗಿಸಿ, ಒಂದು ಕೈಯನ್ನು ಅವಳು ಜಾರದಂತೆ ಅಡ್ಡ ಹಿಡಿದ. ನಾನು ಅವನ ನೆಟ್ಟಗಿನ ಬೆನ್ನು ನೋಡುತ್ತ ಕೂತಿದ್ದೆ.

ಇಂಜಿನ್ ನಿಂತ ಸಪ್ಪಳಕ್ಕೆ ನನಗೆ ಎಚ್ಚರವಾಯಿತು. ಟ್ರ್ಯಾಕ್ಟರ್ ತಿರುವಿನಲ್ಲಿ ನಿಂತಿತ್ತು. ಗಾಲಿಯಿಂದ ಮಾರು ದೂರದಲ್ಲಿ ಭಟ್ಟಿ ಗಟ್ಟಿಯಾಗಿ ನಿಂತಿತ್ತು. ಸುತ್ತ ಎಲ್ಲರೂ ಇನ್ನೂ ಮಲಗಿದ್ದರು. ಹೊಳೆಪ್ಪ ಕೆಳಗಿಳಿದು ಬಂದು, ಟ್ರೇಲರಿನ ಪಟ್ಟಿ ಬಿಚ್ಚುತ್ತ ಮೆಲ್ಲಗೆ ನನ್ನ ಮೊಣಕಾಲು ತಟ್ಟಿದ.

"ಇಳೀರಿ ಮಾಸ್ತರ್ರ, ಊರು ಬಂತು."