ಗಡಿಯಾಚೆಯ ಸಹಿ

ನಾರ್ವೆ ಎಲ್ಲಿ ಮುಗಿದು ಸ್ವೀಡನ್ ಎಲ್ಲಿ ಶುರುವಾಗುತ್ತದೆ ಎಂಬುದು ನಾರ್ವೆ ಕಡೆಯ ಗಡಿಯೂರು ಸ್ಕಾರ್ಲಿಯ ಸೂಲಗಿತ್ತಿ ಬೆರ್ಟೆಗೆ ಚೆನ್ನಾಗಿ ಗೊತ್ತಿತ್ತು. ಅಲ್ಲಿ ಕಾಡು ಕಡಿದು ಬೋಳು ಮಾಡಿದ ಪಟ್ಟೆಯ ನಡುವೆ ಒಂದು ಕಲ್ಲುಗುಪ್ಪೆ ಇತ್ತು. ಕೂತು ಬೂಟಿನ ಕೆಸರು ಕೆರೆದುಕೊಳ್ಳಲು ಹೇಳಿ ಮಾಡಿಸಿದ ಜಾಗ. ಮೂವತ್ತೊಂದು ವರ್ಷದಲ್ಲಿ ಅವಳು ಆ ಗಡಿಗೆ ಅದಕ್ಕಿಂತ ಹೆಚ್ಚಿನ ಮರ್ಯಾದೆ ಕೊಟ್ಟವಳಲ್ಲ. ಆಚೆಯ ಬಸುರಿಯರೂ ಅವಳನ್ನೇ ಕರೆಸುತ್ತಿದ್ದರು, ಈಚೆಯವರೂ ಅವಳನ್ನೇ.

ಆಚೆಯ ಬಸುರಿಯರಲ್ಲಿ ಓಲೀನ ಎಂಬವಳು ಬೇರೆಯೇ. ಅವಳು ಸ್ಕಾರ್ಲಿಯ ಹುಡುಗಿ. ತಾಯಿ ಹೆರುವಾಗ ಸತ್ತಿದ್ದಳು. ಕೂಸನ್ನು ಉಳಿಸಿಕೊಂಡವಳು ಬೆರ್ಟೆ, ಮುಂದೆ ಏಲೊಫ್ ಎಂಬ ಸ್ವೀಡನ್ನಿನ ಮರಕಡಿಯುವವನಿಗೆ ಅವಳನ್ನು ಮದುವೆ ಮಾಡಿಕೊಟ್ಟವಳೂ ಬೆರ್ಟೆ. ಓಲೀನಳಿಗೆ ಎರಡು ಕೂಸು ಉಸಿರಿಲ್ಲದೆ ಹುಟ್ಟಿದ್ದವು, ಎರಡು ಸಲವೂ ಹಿಮ ಬಿದ್ದು ಬೆರ್ಟೆಗೆ ಹೊತ್ತಿಗೆ ಸರಿಯಾಗಿ ಹೋಗಲಾಗಿರಲಿಲ್ಲ. ಈಗ ಮೂರನೆಯದು, ಸೆಪ್ಟೆಂಬರಿಗೆ. ಸೆಪ್ಟೆಂಬರಿನಲ್ಲಿ ಹಿಮದ ಕಾಟವಿಲ್ಲ. "ಈ ಸಲ ನಾನು ಮಂಚದ ಪಕ್ಕದಲ್ಲೇ ಇರ್ತೀನಿ, ನೋಡ್ತಾ ಇರು" ಎಂದು ಬೆರ್ಟೆ ಮಾತು ಕೊಟ್ಟಿದ್ದಳು.

ಆ ಬೇಸಿಗೆಯಲ್ಲಿ, ಅಂದರೆ ಸಾವಿರದ ಒಂಬೈನೂರ ಐದರಲ್ಲಿ, ಸ್ಕಾರ್ಲಿಯ ಬಾಯಲ್ಲಿ ಒಂದೇ ಮಾತು. ತೊಂಬತ್ತೊಂದು ವರ್ಷ ಸ್ವೀಡನ್ನಿನ ರಾಜನ ಕೆಳಗೆ ಒಟ್ಟಿಗಿದ್ದದ್ದು ಸಾಕು, ಬೇರೆಯಾಗೋಣ. ಆಗಸ್ಟಿನಲ್ಲಿ ಗಂಡಸರು ಚರ್ಚಿಗೆ ಹೋಗಿ ಹೌದು ಅಥವಾ ಇಲ್ಲ ಎಂದು ಮತ ಹಾಕಬೇಕಿತ್ತು. ಹೆಂಗಸರಿಗೆ ಮತವಿಲ್ಲ. ದೇಶಕ್ಕೆ ಮಕ್ಕಳನ್ನು ಹೆತ್ತುಕೊಡಲು ಯೋಗ್ಯರಾದವರು ದೇಶದ ಬಗ್ಗೆ ಒಂದು ಚೀಟಿ ಹಾಕಲು ಯೋಗ್ಯರಲ್ಲವಂತೆ! ಸಿಟ್ಟಾದ ಹೆಂಗಸರು, ಬೇರೆಯಾಗಲು ನಾವೂ ಹೌದು ಎನ್ನುತ್ತೇವೆ ಎಂದು ಊರೂರಲ್ಲಿ ಹಾಳೆ ಹಿಡಿದು ಸಹಿ ಕೂಡಿಸತೊಡಗಿದರು.

ಬೆರ್ಟೆಯ ತಮ್ಮ ಸೀವರ್ ಊರಿನ ಅಂಗಡಿಯವನು, ಮತದಾನದ ಸಮಿತಿಯಲ್ಲೂ ಅವನೇ ಮುಂದು. ಒಂದು ಬೆಳಿಗ್ಗೆ ಹಾಳೆಯ ಕಟ್ಟು ತಂದು ಅಕ್ಕನ ಮೇಜಿನ ಮೇಲೆ ಇಟ್ಟ.

"ಅಕ್ಕ, ನಿನಗೆ ಬಾಗಿಲು ತೆಗೀದಿರೋ ಮನೆ ಈ ಊರಲ್ಲಿ ಇದೆಯೇನೇ? ನೀನು ಹೊರಟ್ರೆ ಕೆಲಸ ಆಯ್ತು ಅಂತಲೇ ಲೆಕ್ಕ."

"ಹೆಸರುಗಳನ್ನ ಯಾರ‍್ಯಾರು ನೋಡ್ತಾರೋ?"

"ಯಾರೂ ಇಲ್ಲ. ಲಕೋಟೆಗೆ ಹಾಕಿ ನಾನೇ ಅಂಟಿಸಿ ಸೀದಾ ರಾಜಧಾನಿಗೆ ಕಳಿಸ್ತೀನಿ. ನನ್ನ ಮಾತಿನ ಮೇಲೂ ಅನುಮಾನವೇ?"

ಬೆರ್ಟೆಗೆ ಬೇರೆಯಾಗಬೇಕೆಂದು ನಿಜಕ್ಕೂ ಅನಿಸಿತ್ತು. ಅವಳ ಗಂಡ ಹಡಗಿನ ಕೆಲಸದವನು, ಪರದೇಶದ ಬಂದರಿನಲ್ಲಿ ಜ್ವರ ಬಂದು ತೀರಿಕೊಂಡ. ಅಲ್ಲಿ ನಾರ್ವೆಯವರ ಕಷ್ಟಸುಖ ಕೇಳಲು ನಾರ್ವೆಯ ಕಚೇರಿಯೇ ಇರಲಿಲ್ಲ. ಎಲ್ಲ ಸ್ವೀಡನ್ನಿನವರ ಕೈಲಿ. ಸುದ್ದಿಯ ಕಾಗದ ಮನೆಗೆ ಬರಲು ಏಳು ತಿಂಗಳು ಹಿಡಿಯಿತು, ಅಷ್ಟೂ ದಿನ ಅವಳು ಸತ್ತವನಿಗೆ ಕಾಲುಚೀಲ ಹೆಣೆದಿದ್ದಳು. ಆ ನೋವು ಯಾವ ಭಾಷಣಕಾರನಿಂದಲೂ ಕಲಿತದ್ದಲ್ಲ.

ಅವಳು ಮನೆಮನೆ ಸುತ್ತಿದಳು. ನೂರಕ್ಕೂ ಹೆಚ್ಚು ಸಹಿಗಳಾದವು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಓಲೀನಳ ಹೊಟ್ಟೆ ನೋಡಲು ಹೋದವಳ ಕೈಚೀಲದಲ್ಲಿ ಹಾಳೆಯೂ ಇತ್ತು. ಗಡಿ ದಾಟಿದ್ದೇನೆ ಎಂಬುದು ಆ ಹೆಂಗಸಿನ ತಲೆಗೇ ಬರಲಿಲ್ಲ. ನಮ್ಮ ಚರ್ಚಿನಲ್ಲಿ ಹೆಸರಿಟ್ಟ ಹುಡುಗಿ, ನಮ್ಮವಳು. ಬೆರ್ಟೆಯ ಲೆಕ್ಕ ಅಲ್ಲಿಗೆ ಮುಗಿಯಿತು.

ಓಲೀನ ಲೇಖನಿ ಹಿಡಿದು ಕೂತೇ ಇದ್ದಳು.

"ಬೆರ್ಟಮ್ಮ, ನಾನಿರೋದು ಈ ಕಡೆ. ಇವರ ಊರೋರಿಗೆ ಗೊತ್ತಾದ್ರೆ ಸುಮ್ನೆ ಬಿಡ್ತಾರಾ?"

"ಹೇಗೆ ಗೊತ್ತಾಗುತ್ತೆ? ಲಕೋಟೆ ಅಂಟಿಸಿ ಕಳಿಸೋದು. ನಿನ್ನ ಕೇಡು ಬಯಸ್ತೀನೇನೇ ನಾನು?"

"ಅಯ್ಯೋ, ನೀವು ಬಯಸ್ತೀರಾ!" ಎಂದು ನಕ್ಕು ಸಹಿ ಹಾಕಿದಳು.

ಮತದಾನ ಆಯಿತು. ಸ್ಕಾರ್ಲಿಯ ಗಂಡಸರೆಲ್ಲ ಒಂದೇ ಬಾಯಲ್ಲಿ ಹೌದು ಎಂದರು. ಚರ್ಚಿನ ಗಂಟೆ ನಿಲ್ಲದೆ ಹೊಡೆಯಿತು, ಎಲ್ಲರಂತೆ ಬೆರ್ಟೆಯೂ ಅತ್ತಳು. ಮಾರನೆಯ ದಿನ ಕಾಫಿಬೀಜ ತರಲು ತಮ್ಮನ ಅಂಗಡಿಗೆ ಹೋದರೆ, ಕಿಟಕಿಯ ಗಾಜಿಗೆ ದೊಡ್ಡ ಹಾಳೆ ಅಂಟಿಸಿದೆ. ಸಹಿ ಹಾಕಿದ ಹೆಂಗಸರ ಹೆಸರೆಲ್ಲ ದಪ್ಪ ಅಕ್ಷರದಲ್ಲಿ! ಓಲೀನಳ ಹೆಸರಿನ ಕೆಳಗೆ ಕೆಂಪು ಗೆರೆ, ಪಕ್ಕದಲ್ಲಿ 'ಗಡಿಯಾಚೆಯಿಂದಲೂ' ಎಂಬ ಒಕ್ಕಣೆ. ಅದೇ ಅಂಗಡಿಗೆ ಸ್ವೀಡನ್ನಿನ ಕಾಡುಮನೆಗಳವರೂ ಕಾಫಿಗೆ, ಮೊಳೆಗೆ, ಸೀಮೆಎಣ್ಣೆಗೆ ಬರುತ್ತಿದ್ದರು.

"ಏನೋ ಇದು? ಯಾರಿಗೂ ತೋರಿಸಲ್ಲ ಅಂದಿದ್ಯಲ್ಲೋ!"

"ಲಕೋಟೆ ಹೋಯ್ತಕ್ಕ. ಇದು ನಕಲು ಅಷ್ಟೇ. ಒಳ್ಳೆ ಕೆಲಸಕ್ಕೆ ಹೆಸರು ಹಾಕಿ ಬಚ್ಚಿಟ್ಕೊಳ್ಳೋದು ಯಾಕೆ? ನಿನ್ನಿಂದ ಊರಿಗೇ ಹೆಮ್ಮೆ!"

"ಹೆಮ್ಮೆ ಊರಿಗಲ್ಲ ಕಣೋ, ನಿನ್ನ ಅಂಗಡಿಗೆ."

ಅವಳು ಹಾಳೆಯನ್ನು ಕಿತ್ತು ಚೂರು ಮಾಡಿ ಅಲ್ಲೇ ಎಸೆದಳು. ಅಷ್ಟರಲ್ಲಿ ಓದಬೇಕಾದವರು ಓದಿಯಾಗಿತ್ತು. ಒಂದು ವಾರದಲ್ಲಿ ಓಲೀನಳ ನೆರೆಯವರು ಅವಳಿಗೆ ಹಾಲು ಕೊಡುವುದನ್ನು ನಿಲ್ಲಿಸಿದರು. ಏಲೊಫ್‌ನ ಸ್ವಂತ ತಾಯಿಯೇ "ದ್ರೋಹಿ ಇರೋ ಮನೇಲಿ ನಾನಿರಲ್ಲ" ಎಂದು ಮಗಳ ಮನೆ ಸೇರಿದಳು.

ಸೆಪ್ಟೆಂಬರಿನಲ್ಲಿ ಎರಡೂ ಕಡೆಯ ದೊಡ್ಡವರು ಮಾತುಕತೆಗೆ ಕೂತರು. ಮಾತು ಮುರಿದರೆ ಯುದ್ಧ ಎಂದು ಗಡಿಯುದ್ದಕ್ಕೂ ಸೈನಿಕರು ಬಂದರು. ಒಂದು ಬೆಳಿಗ್ಗೆ ಬೋಳುಪಟ್ಟೆಯ ಆಚೆ ಅಂಚಿನಲ್ಲಿ ನಿಂತು ಏಲೊಫ್ ಕೂಗಿದ. ಓಲೀನಳಿಗೆ ನೋವು ಶುರುವಾಗಿದೆ, ಹತ್ತಿರ ಒಬ್ಬ ಹೆಂಗಸೂ ಇಲ್ಲ. ಬೆರ್ಟೆ ಚೀಲ ಹಿಡಿದು ಓಡಿದಳು. ಈಚೆ ಕಾವಲಿಗೆ ಎಲ್ಲಿಂದಲೋ ಬಂದಿದ್ದ ನಾರ್ವೆಯ ಮೀಸೆಯ ಅಧಿಕಾರಿ ತಡೆದ. ಊರಿನ ಜವಾಬ್ದಾರಿಯವರು ಯಾರಾದರೂ ಇವಳು ನಂಬಿಕಸ್ಥೆ ಎಂದು ಬರೆದುಕೊಟ್ಟರೆ ಬಿಡುತ್ತೇನೆ ಎಂದ. ಜವಾಬ್ದಾರಿಯವರೆಂದರೆ ಸಮಿತಿ, ಸಮಿತಿಯೆಂದರೆ ಸೀವರ್.

ಐವತ್ತೈದರ ಹೆಂಗಸು ಏದುಸಿರು ಬಿಡುತ್ತ ಅಂಗಡಿಗೆ ಬಂದಳು.

"ಒಂದು ಸಾಲು ಬರೆದುಕೊಡೋ, ಸೀವರ್."

ಅವನು ತಕ್ಕಡಿ ಒರೆಸುತ್ತಲೇ ಇದ್ದ. "ಇಂಥ ಹೊತ್ತಲ್ಲಿ ನನ್ನ ಅಕ್ಕನ್ನೇ ಆ ಕಡೆ ಕಳಿಸಿದ್ರೆ ಜನ ಏನಂದಾರು? ಸಮಿತಿಲಿರೋನು ನಾನು. ಅಲ್ಲೂ ಹೆಂಗಸರು ಇರ್ತಾರೆ ಬಿಡಕ್ಕ."

"ನೀನು ಅಂಟಿಸಿದ ಹಾಳೆಯಿಂದ ಅಲ್ಲಿ ಒಬ್ಬಳೂ ಬರಲ್ಲ! ನಿನ್ನ ಕಾಲಿಗೆ ಬೀಳ್ಲೇನೋ?"

"ಹಾಗೆಲ್ಲ ಮಾತಾಡ್ಬೇಡ. ಗಿರಾಕಿಗಳಿದ್ದಾರೆ."

ಎತ್ತಿ ಆಡಿಸಿದ ತಮ್ಮ. ಅವನ ಮೂರು ಮಕ್ಕಳನ್ನೂ ಈ ಲೋಕಕ್ಕೆ ತಂದವಳು ಅವಳೇ. ಅವಳು ಚೀಲ ಎತ್ತಿಕೊಂಡು ಹೊರಬಿದ್ದಳು. ರಸ್ತೆ ಬಿಟ್ಟು ಜೌಗಿನ ದಾರಿ ಹಿಡಿದಳು. ಮೊಣಕಾಲುದ್ದ ನೀರಿನಲ್ಲಿ ಅರ್ಧ ದಾರಿ ಹೋದಾಗ ಇಬ್ಬರು ಸೈನಿಕರು ಹಿಡಿದರು. ಒದರಾಡಿದಳು, ಒಬ್ಬನ ಕೈ ಕಚ್ಚಿದಳು. ಅವರು ಹೊಡೆಯಲಿಲ್ಲ, ಬೈಯಲಿಲ್ಲ. ಎರಡು ತೋಳು ಹಿಡಿದು ಮನೆಗೆ ತಂದು ಬಿಟ್ಟು, ಬಾಗಿಲಿಗೆ ಕಾವಲು ಹಾಕಿದರು.

ಹನ್ನೊಂದು ದಿನದ ಮೇಲೆ ಒಪ್ಪಂದವಾಯಿತು. ದೊಡ್ಡವರು ಕೈಕುಲುಕಿದರು, ಸೈನಿಕರು ಹಿಂದೆ ಸರಿದರು, ಒಂದೂ ಗುಂಡು ಹಾರಲಿಲ್ಲವೆಂದು ಪತ್ರಿಕೆಗಳು ಬೆನ್ನು ತಟ್ಟಿಕೊಂಡವು. ಬೆರ್ಟೆ ಕೆನೆಗಂಜಿ ಕಾಯಿಸಿ, ಮುಚ್ಚಳದ ಮರದ ಪಾತ್ರೆಗೆ ತುಂಬಿ ಹೊರಟಳು. ಹೆತ್ತವಳ ಮನೆಗೆ ಕೆನೆಗಂಜಿ ಇಲ್ಲದೆ ಹೋಗುವುದು ಆ ಸೀಮೆಯಲ್ಲಿ ಇಲ್ಲ.

ಓಲೀನ ಒಲೆಯ ಮುಂದೆ ಕೂತಿದ್ದಳು, ಬದುಕಿದ್ದಳು. ತೊಟ್ಟಿಲು ಗೋಡೆಗೆ ಮುಖ ಮಾಡಿ ನಿಂತಿತ್ತು. ಹೆಣ್ಣುಕೂಸು, ಕಾಲು ಮುಂದಾಗಿ ಬಂದಿತ್ತು, ಉಳಿಯಲಿಲ್ಲ ಎಂದು ಏಲೊಫ್ ಹೇಳಿದ. ಕೈ ಹೇಗೆ ಹಾಕಬೇಕೆಂದು ಅವನಿಗೆ ತಿಳಿದಿರಲಿಲ್ಲ. ಬೆರ್ಟೆಗೆ ತಿಳಿದಿತ್ತು. ಅಂಥ ಕೂಸುಗಳನ್ನು ಅವಳು ಎಷ್ಟೋ ತೆಗೆದಿದ್ದಳು.

ಅವಳು ನೆಲದ ಮೇಲೆಯೇ ಕುಸಿದು ಕೂತು ತಮ್ಮನಿಗೆ ಶಾಪ ಹಾಕಿದಳು. ಹಾಳೆ, ಕೆಂಪು ಗೆರೆ, ಬರೆದುಕೊಡದ ಒಂದು ಸಾಲು, ಎಲ್ಲವನ್ನೂ ಹೇಳಿಕೊಂಡು ಅತ್ತಳು.

ಓಲೀನ ಕೊನೆಯವರೆಗೂ ಕೇಳಿಸಿಕೊಂಡಳು. ಆಮೇಲೆ ಎದ್ದು, ಮುಚ್ಚಳ ತೆಗೆಯದ ಪಾತ್ರೆಯನ್ನು ತಂದು ಬೆರ್ಟೆಯ ಮಡಿಲಲ್ಲಿ ಇಟ್ಟಳು.

"ಸೀವರ್ ಯಾರು ನನಗೆ? ಅವನ ಮಾತು ನಂಬಿ ನಾನು ಸಹಿ ಹಾಕಲಿಲ್ಲ, ಬೆರ್ಟಮ್ಮ."